ಹನ್ನೊಂದು ಹನಿ

ಸುಂಕಿಯ ಮುಂಗೈ ಮೇಲೆ ಪೆನ್ನಿನಿಂದ ಅಂಕಿ ಬರೆದು
ಹನ್ನೊಂದು ಹನಿ ಇಟ್ಟಳು ನರ್ಸಮ್ಮ,
ಒಂದೊಂದು ಹನಿಗೂ ಒಂದು ಸೂಜಿಮೊನೆ.
ಸೂಜಿ ನನಗೆ ಹೊಸದಲ್ಲ,
ದಿನಕ್ಕೆ ಅರವತ್ತು ಪ್ಯಾಂಟಿಗೆ ಜಿಪ್ಪು ಕೂಡಿಸುವವನು.
ಆದರೂ ಕಣ್ಣು ಗೋಡೆಯ ಕಡೆ ಹೊರಳಿತು.

ಇದು ಮನೆಧೂಳು, ಇದು ಜಿರಲೆ,
ಇದು ಕಾಂಗ್ರೆಸ್ ಗಿಡದ ಹೂಪುಡಿ, ಇದು ಬೂಷ್ಟು,
ಆರನೆಯದು ಹತ್ತಿ,
ಒಂಬತ್ತನೆಯದು ಬೆಕ್ಕು.
ಇಪ್ಪತ್ತು ನಿಮಿಷ ಕಾಯಬೇಕು. ಕೆರೆಯಬಾರದು.

ಹೊರಗೆ ಬಳ್ಳಾರಿಯ ಏಪ್ರಿಲ್ಲು
ಸೈಕಲ್ ಸ್ಟ್ಯಾಂಡಿನ ತಗಡು ಕಾಯಿಸುತ್ತಿತ್ತು.
ಹುಲಿಗೆಮ್ಮ ಮಗಳ ಇನ್ನೊಂದು ಕೈ ಹಿಡಿದು ಕುಂತಿದ್ದಳು.
ಅವಳೇನು ಬೇಡಿಕೊಂಡಳೋ ನಾನು ಕೇಳಲಿಲ್ಲ,
ಅವಳೂ ನನ್ನ ಕೇಳಲಿಲ್ಲ.

ನಾನು ಬೇಡಿದ್ದು ಇಷ್ಟು:
ತಾಯಿ ಸುಂಕಲಮ್ಮ, ಆರನೆಯದು ಏಳದಿರಲಿ.
ಹತ್ತಿ ಎದ್ದರೆ
ಒಂದೇ ಕೋಣೆಯ ಮನೆಯಿಂದ ಎರಡು ಮಷೀನು ಎತ್ತಿ
ಎಲ್ಲಿ ಇಡಲಿ? ಇನ್ನೂ ಹದಿನಾಲ್ಕು ಕಂತು ಬಾಕಿ.
ನಾನು ಸೀನಿದರೆ ಕರ್ಚೀಫು ನೀಲಿ,
ನಮ್ಮ ಅಕ್ಕಿ ತೊಳೆದ ನೀರೂ ತುಸು ನೀಲಿ.
ಬೇಕಾದರೆ ಒಂಬತ್ತನೆಯದು ಏಳಲಿ.

ಎದ್ದಿತು.
ಎಂಟಾಣೆ ಅಗಲ, ನಡುವೆ ಬಿಳಚು, ಸುತ್ತ ಕೆಂಪು.
ಆರನೆಯದರ ಜಾಗದಲ್ಲಿ ಒಂದು ಸಾಸಿವೆ,
‘ಇದು ಲೆಕ್ಕಕ್ಕಿಲ್ಲ’ ಅಂದರು ಡಾಕ್ಟರು.
ಖುಷಿಯಾಯಿತು ನನಗೆ.
ಮಗಳ ಕೈ ಊದಿದ್ದಕ್ಕೆ ಖುಷಿಪಟ್ಟ ಅಪ್ಪ
ಆವತ್ತು ಊರಲ್ಲಿ ನಾನೊಬ್ಬನೇ ಇರಬೇಕು.

ಗುಂಡಿಗೆ ಆ ಹೆಸರು ಬಂದದ್ದು ಕಣ್ಣಿಂದ,
ಹೊಸ ಪ್ಯಾಂಟಿನ ಸೊಂಟದ ಹಿತ್ತಾಳೆ ಗುಂಡಿ.
ಅದರವ್ವ ಮರಿಯನ್ನು ಏಳು ಮನೆ ಸುತ್ತಿಸಿ
ಏಳನೆಯದಾಗಿ ನಮ್ಮ ತುಂಡುಬಟ್ಟೆಯ ಗುಡ್ಡೆಯಲ್ಲಿ ಬಿಟ್ಟು
ಎಂಟನೆಯ ಮನೆಗೆ ತಾನೊಬ್ಬಳೇ ಹೋದಳು.
ಸುಂಕಿ ಹಾಲಿಗೆ ಬತ್ತಿ ಅದ್ದಿ ಚೀಪಿಸಿದಳು.
ರಾತ್ರಿ ಎರಡರ ಹೊತ್ತಿಗೆ ಅವಳ ಎದೆ
ಎಣ್ಣೆ ಕಾಣದ ಪೆಡಲಿನಂತೆ ಕಿರುಗುಟ್ಟುವಾಗ
ಅದೇ ಎದೆಯ ಮೇಲೆ ಗುಂಡಿ ಗುರುಗುರು ಅನ್ನುತ್ತ ಮಲಗಿರುತ್ತಿತ್ತು.
ಯಾವ ಸದ್ದು ಯಾರದೆಂದು
ಕತ್ತಲಲ್ಲಿ ಎದ್ದು ಕೂತು ಬಿಡಿಸಬೇಕು.

‘ಅದಿರಿನ ಲಾರಿ ಧೂಳಿಗೆ ಕೇಳೋರಿಲ್ಲ,
ಬಣ್ಣ ತೊಳೆದ ನೀರಿಗೆ ಕೇಳೋರಿಲ್ಲ,
ಬೆಕ್ಕಿಗೆ ಬಂತು ನೋಡು ತೀರ್ಪು’
ಅಂದಳು ಹುಲಿಗೆಮ್ಮ, ತಿಕ್ಕುತ್ತಿದ್ದ ಪಾತ್ರೆಗೆ.

ಸುಂಕಿ ನೋಟುಪುಸ್ತಕದಲ್ಲಿ ಬರೆದು ತಂದಳು:
ದಿನಾ ಜಳಕ ಮಾಡಿಸ್ತೀನಿ.
ಮುಟ್ಟಿದ ಮೇಲೆ ಕೈ ತೊಳಕೊಳ್ತೀನಿ.
ಪಂಪು ಹೊಡಕೊಳ್ತೀನಿ, ಕಹಿ ಅನ್ನಂಗಿಲ್ಲ.
ಉಸಿರು ಕಮ್ಮಿ ತಗೊಳ್ತೀನಿ.

ಆ ಕೊನೆಯ ಸಾಲಿನ ಮೇಲೆ ನಾನು ಚೀಲ ಹೊಲಿದೆ.
ಜೀನ್ಸಿನ ಚೀಲ, ಗಾಳಿಯಾಡಲು ಎರಡು ಕಾಜ ಬಿಟ್ಟು.
ಒಂದು ಕಾಜದಲ್ಲಿ ಗುಂಡಿಯ ಕಣ್ಣು ಸರಿಯಾಗಿ ಕೂತಿತು.
ಬಂಡಿಹಟ್ಟಿಯಾಚೆ ನೆಲ್ಲು ಮಿಲ್ಲಿನ ಕಾವಲಿನ ಖಾಸಿಂಸಾಬ
‘ಇಲಿ ಭಾಳ ಅದಾವ, ಬಿಟ್ಟು ಹೋಗು, ರಾಣಿಯಂಗ ಇರ್ತಾಳ’ ಅಂದ.
ಬರುವಾಗ ವಗ್ಗಾಣಿ ಮಿರ್ಚಿ ತಂದೆ.
ಪೊಟ್ಟಣ ಯಾರೂ ಬಿಚ್ಚಲಿಲ್ಲ.

ಬೆಕ್ಕು ಹೋದ ಮೇಲೂ ಬೆಕ್ಕು ಹೋಗಲು
ನಾಲ್ಕೈದು ತಿಂಗಳು ಬೇಕು ಅಂದಿದ್ದರು ಡಾಕ್ಟರು.
ಹೊದಿಕೆ ಕುದಿಸಿದೆವು, ಗೋಡೆಗೆ ಸುಣ್ಣ ಬಳಿದೆವು,
ಮತ್ತೂ ಒಂದು ಬಿಳಿ ಕೂದಲು ಎಲ್ಲಿಂದಲೋ ಬಂದು
ಸೂಜಿಯಡಿ ಸಿಕ್ಕಿ ಹೊಲಿಗೆಯೊಳಗೆ ಹೋಯಿತು.
ನೋಡಿಯೂ ಬಿಚ್ಚಲಿಲ್ಲ.
ಯಾವ ಊರಿನ ಯಾವ ಪುಣ್ಯಾತ್ಮ
ಆ ಪ್ಯಾಂಟು ತೊಟ್ಟು ಸೀನುತ್ತಾನೋ.

ಈಗ ಸುಂಕಿ ರಾತ್ರಿಯಿಡೀ ಮಲಗುತ್ತಾಳೆ.
ಎರಡರ ಹೊತ್ತಿಗೆ ಎಚ್ಚರಾಗುವವನು ನಾನು.
ಮೊನ್ನೆ ಕೇಳಿದಳು, ಲೆಕ್ಕ ಬಿಡಿಸುತ್ತಲೇ:
‘ಅಪ್ಪಾ, ಆರನೇ ಹನಿ ಯಾವುದಿತ್ತು?’

ನೆನಪಿಲ್ಲ ಅಂದೆ.
ಬಾಬಿನ್ನಿನಲ್ಲಿ ದಾರ ತುಂಬಿತ್ತು,
ಆದರೂ ಬದಲಿಸಿದೆ.